ಜಪಾನಿನ ಅನ್ನವೂ ನನ್ನ ಬಲಗೈಯೂ

ಕೆಲವರ ನಾಲಿಗೆ ಸುಮ್ಮನಿರುವುದಿಲ್ಲ, ಕೆಲವರ ಕಿವಿ ಸದಾ ಪಕ್ಕದ ಮನೆಯಲ್ಲೇ ಇರುತ್ತದೆ. ನನ್ನ ತೊಂದರೆ ಬಲಗೈಯದು. ತಪ್ಪು ತಿಳಿಯಬೇಡಿ, ಈ ಕೈ ಯಾರ ಮನೆಯಿಂದಲೂ ಒಂದು ಚಮಚ ಎತ್ತಿಕೊಂಡು ಬಂದಿಲ್ಲ. ಎತ್ತಿಕೊಳ್ಳುವ ರೋಗ ಇದಕ್ಕಿಲ್ಲ, ಹಾಕುವ ರೋಗವಿದೆ. ಯಾರದೇ ಒಲೆಯ ಮೇಲೆ ಏನೇ ಕುದಿಯುತ್ತಿರಲಿ, ಮಾಡುವವರು ಒಂದು ಗಳಿಗೆ ಆಚೆ ತಿರುಗಿದರೆ ಸಾಕು, ನನ್ನ ಕೈ ಉಪ್ಪಿನ ಡಬ್ಬಿಗೆ ಹೋಗಿ, ಅಲ್ಲಿಂದ ಪಾತ್ರೆಗೆ ಹೋಗಿ, ಏನೂ ಅರಿಯದ ಕೂಸಿನಂತೆ ಸೆರಗಿನ ಕೆಳಗೆ ಬಂದು ಕೂತುಬಿಟ್ಟಿರುತ್ತದೆ. ಹಾಕಿದ್ದು ನಾನೇ ಎಂದು ನನಗೆ ಗೊತ್ತಾಗುವುದು ಊಟಕ್ಕೆ ಕೂತವರು ನೀರು ಕೇಳಿದಾಗ.

ಇದು ಇವತ್ತಿನದಲ್ಲ. ನಾನು ಶಾಲೆಗೆ ಹೋದದ್ದೇ ಐದನೇ ಇಯತ್ತೆಯವರೆಗೆ. ಆಗಲೂ ನನ್ನ ಬಳಪ ನನ್ನ ಪಾಟಿಯ ಮೇಲೆ ನಿಲ್ಲುತ್ತಿರಲಿಲ್ಲ, ಪಕ್ಕದವಳ ಪಾಟಿಗೆ ಹೋಗಿ ಅವಳ ಲೆಕ್ಕ ತಿದ್ದುತ್ತಿತ್ತು. ಅವಳದು ಸರಿ ಇರುತ್ತಿತ್ತು, ನಾನು ತಿದ್ದಿದ ಮೇಲೆ ತಪ್ಪಾಗುತ್ತಿತ್ತು, ಏಟು ಅವಳಿಗೆ ಬೀಳುತ್ತಿತ್ತು. ದೊಡ್ಡವಳಾದ ಮೇಲೆ ಒಂದು ಮದುವೆಯಲ್ಲಿ ಅಡಿಗೆಯವರ ಹಂಡೆಯ ಹತ್ತಿರ ಸುಮ್ಮನೆ ನಿಂತಿದ್ದೆ ಅಷ್ಟೇ. ಅವರ ಸಾರಿಗೆ ನನ್ನದೂ ಒಂದು ಮುಷ್ಟಿ ಉಪ್ಪು ಸೇರಿತು. ಆ ಅಡಿಗೆಯವರು ಈಗಲೂ ನನ್ನನ್ನು ಯಾವುದಾದರೂ ಕಾರ್ಯದಲ್ಲಿ ಕಂಡರೆ ಹಂಡೆಗೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಕೈ ಇಟ್ಟುಕೊಂಡು, ಆಮೇಲೆ "ಆರಾಮ ಇದ್ದೀರೇನ್ರೀ ಅಕ್ಕಾರ?" ಎಂದು ಕೇಳುತ್ತಾರೆ. ನಮ್ಮ ಮನೆಯವರು ಕಪನೂರಿನ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ದಿನವಿಡೀ ಯಂತ್ರದ ಸದ್ದಿನಲ್ಲಿ ಇದ್ದು ಮಾತು ಕಡಿಮೆ. ಅಂಥವರೇ ಒಮ್ಮೆ ಹೇಳಿದರು: "ನೀ ಹೋದ ಮ್ಯಾಲೆ ನಿನಗೊಂದು ಕುಣಿ, ನಿನ್ನ ಕೈಗೊಂದು ಬ್ಯಾರೇ ಕುಣಿ ತೋಡಬೇಕಾಗ್ತದ. ಒಂದೇ ಕಡಿ ಇಟ್ಟರ ಬಾಜೂದವರ ಎಡಿಗೂ ಉಪ್ಪು ಹಾಕ್ತದ."

ಇಷ್ಟು ಹೇಳಿಕೊಂಡ ಮೇಲೆ ನನ್ನ ತಂಗಿಯ ವಿಷಯಕ್ಕೆ ಬರಬಹುದು. ನಾನಿರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ತಂಗಿ ಕಸ್ತೂರಿಯನ್ನು ಕೊಟ್ಟಿರುವುದು ಕಮಲಾಪುರಕ್ಕೆ. ಅವಳ ಗಂಡ ಒಳ್ಳೆಯವನು, ಮನೆ ಒಳ್ಳೆಯದು, ಹಿತ್ತಲು ದೊಡ್ಡದು. ಅತ್ತೆ ಶಾಂತಾಬಾಯಿಯವರೂ ಒಳ್ಳೆಯವರೇ, ಆದರೆ ಅವರ ಬಾಯಲ್ಲಿ ಸೊಸೆಯ ಅಡಿಗೆಗೆ ಇರುವುದು ಎರಡೇ ಮಾತು. ಕೆಟ್ಟಿದ್ದರೆ "ಹೂಂ", ಚೆನ್ನಾಗಿದ್ದರೆ "ನಡೀತದ". ಮದುವೆಯಾಗಿ ಮಗಳು ಹೈಸ್ಕೂಲಿಗೆ ಹೋಗುವವರೆಗೂ ಕಸ್ತೂರಿ "ನಡೀತದ" ದಾಟಿ ಮೇಲೆ ಹೋಗಿರಲಿಲ್ಲ. ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಳು, "ಅಕ್ಕಾ, ಒಂದ್ ಸಲ 'ಛಲೋ ಆಗ್ಯಾದ' ಅಂದರ ಈ ಮುದುಕಿ ಗಂಟೇನು ಹೋಗ್ತದ?"

ಹೀಗಿರುವಾಗ ಅವಳು ಮೊಬೈಲಿನಲ್ಲಿ ಜಪಾನಿನವರು ಅನ್ನ ಹುರಿಯುವುದನ್ನು ನೋಡಿದಳು. ನಾನು ಹೋದ ದಿನವೇ ಮಾಡಲು ನಿಂತಳು. ಆ ಅನ್ನಕ್ಕೆ ಏನೇನು ಬೇಕೆಂದು ಕೇಳಿ ನನಗೆ ಅಳು ಬರುವುದೊಂದು ಬಾಕಿ.

"ಅರಿಶಿಣ ಇಲ್ಲ, ಸಾಸಿವಿ ಇಲ್ಲ, ಕರಿಬೇವು ಇಲ್ಲ, ಖಾರಪುಡಿ ಅಂತೂ ಮುಟ್ಟಂಗೇ ಇಲ್ಲ," ಅಂದಳು.

"ಮತ್ತ ಏನದ ಅದರಾಗ?"

"ಬಳ್ಳೊಳ್ಳಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲ, ಮ್ಯಾಲೆ ಸೋಯಾ ಸಾಸು. ಅವರು ತತ್ತಿ ಹಾಕ್ತಾರ. ನಮ್ಮ ಮನ್ಯಾಗ ನಡ್ಯಾಂಗಿಲ್ಲಲ, ಅದಕ್ಕ ನಾ ಕಡ್ಲಿ ಹಿಟ್ಟಿನ ದ್ವಾಸಿ ಮಾಡಿ ಸಣ್ಣಗ ಹರಿದು ಹಾಕ್ತೀನಿ. ನೋಡಾಕ ಹಂಗೇ ಕಾಣ್ತದ."

ಕಡಲೆ ಹಿಟ್ಟು ಮೊಟ್ಟೆಯಾಯಿತು ಎನ್ನಿ. ಆದರೆ ಅನ್ನ ಹಿಂದಿನ ದಿನದ್ದಿರಬೇಕಂತೆ, ಬಿಸಿ ಅನ್ನವಾದರೆ ಮುದ್ದೆಯಾಗುತ್ತದಂತೆ. ಮನೆಗೆ ಬಂದವರಿಗೆ ತಂಗಳನ್ನ ಬಡಿಸಿದರೆ ಶಾಂತಾಬಾಯಿಯವರು ಸುಮ್ಮನಿರುತ್ತಾರೆಯೇ? ಅದಕ್ಕೆ ಕಸ್ತೂರಿ ಒಂದು ದಾರಿ ಹುಡುಕಿದ್ದಳು. ನಸುಕಿನಲ್ಲೇ ಅನ್ನ ಮಾಡಿ, ಪರಾತದಲ್ಲಿ ಹರವಿ, ಫ್ಯಾನಿನ ಕೆಳಗೆ ಇಟ್ಟಿದ್ದಳು. ಕರೆಂಟು ಹೋಯಿತು. ಜಪಾನಿನ ಅನ್ನಕ್ಕೆ ಮೊರದಿಂದ ಗಾಳಿ ಹಾಕಿದವಳು ನಾನು. ಕೊನೆಗೆ ಎಳ್ಳೆಣ್ಣೆಯ ಬಾಟಲಿ ತೆಗೆದಾಗ ಬಾಗಿಲಲ್ಲಿ ಶಾಂತಾಬಾಯಿಯವರು.

"ಅದು ಶನಿವಾರ ಹನುಮಪ್ಪನ ದೀಪಕ್ಕ ಇಟ್ಟ ಎಣ್ಣಿ. ಅನ್ನಕ್ಕ ಯಾಕ ಸುರೀಲಿಕ್ಕತ್ತೀ?"

"ಜಪಾನದಾಗ ಇದನ್ನೇ ಹಾಕ್ತಾರ ಅತ್ತಿ."

"ಅಲ್ಲೇ ದೀಪಕ್ಕ ಏನ್ ಹಾಕ್ತಾರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಇಲ್ಲಿ ಆ ಮನೆಯ ಒಂದು ಕಟ್ಟುನಿಟ್ಟು ಹೇಳಬೇಕು. ದೇವರಿಗೆ ಎಡೆ ಹಿಡಿಯುವ ಮೊದಲು ಯಾವ ಅಡಿಗೆಯನ್ನೂ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಖಾರ, ಹುಳಿ ಎಲ್ಲ ಕಣ್ಣಳತೆ, ಕೈ ಅಂದಾಜು. ಜಪಾನಿನದಾದರೇನು, ಮೊದಲ ತುತ್ತು ದೇವರ ಜಗುಲಿಯ ಮೇಲಿನ ಮಲ್ಲಯ್ಯನಿಗೇ. ಹೀಗಾಗಿ ಕಡಾಯಿಯಲ್ಲಿ ಅನ್ನ ಹೊರಳುತ್ತಿತ್ತು, ರುಚಿ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮಳೆ ಹನಿಯಿತು. "ಅಕ್ಕಾ, ಹೊರಗ ಅರಿಬಿ ಒಣಗ್ಯಾವ, ತಗೊಂಡು ಬರ್ತೀನಿ, ಒಲಿ ಕಡಿ ನೋಡು," ಎಂದು ಕಸ್ತೂರಿ ಓಡಿದಳು.

ನಾನು ಒಲೆಯ ಕಡೆ ನೋಡಿದೆ. ಆ ಅನ್ನದ ಮುಖದಲ್ಲಿ ಕಳೆಯೇ ಇರಲಿಲ್ಲ. ಕೈ ಮೊದಲು ಉಪ್ಪಿಗೆ ಹೋಯಿತು. ಆಮೇಲೆ ಹಸಿಮೆಣಸಿನಕಾಯಿ ಜಜ್ಜಿಟ್ಟ ಬಟ್ಟಲಿಗೆ ಹೋಯಿತು. ಆಮೇಲೆ ನನ್ನ ಚೀಲಕ್ಕೆ. ಎಲ್ಲಿಗೆ ಹೋದರೂ ನನ್ನ ಚೀಲದಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಸಣ್ಣದೊಂದು ಡಬ್ಬಿ ಇರುತ್ತದೆ, ರೊಟ್ಟಿ ಮಾರುವವಳಲ್ಲವೇ. ಎಲ್ಲ ಹಾಕಿ ಒಮ್ಮೆ ತಿರುವಿದೆ. ಸೋಯಾ ಸಾಸಿನ ಕಂದು ಬಣ್ಣ ಎಷ್ಟು ಒಳ್ಳೆಯದೆಂದರೆ ಏನು ಹಾಕಿದರೂ ಮುಚ್ಚಿಕೊಳ್ಳುತ್ತದೆ. ಜಪಾನಿನವರು ಅದನ್ನು ಕಂಡುಹಿಡಿದದ್ದು ನನ್ನಂಥ ಅಕ್ಕಂದಿರಿಗಾಗಿಯೇ ಇರಬೇಕು.

ಎಡೆಯಾಯಿತು, ಊಟಕ್ಕೆ ಕೂತೆವು. ಶಾಂತಾಬಾಯಿಯವರು ಒಂದು ತುತ್ತು ತಿಂದರು, ಇನ್ನೊಂದು ತಿಂದರು, ತಾಟು ಮುಂದೆ ಮಾಡಿ "ಇನ್ನಷ್ಟು ಹಾಕು" ಅಂದರು. ಆಮೇಲೆ ಗೋಡೆಯ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಛಲೋ ಆಗ್ಯಾದ" ಅಂದರು. ಕಸ್ತೂರಿ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಹೋದಳು. ಅಲ್ಲಿ ನಿಂತು ಅತ್ತಳೆಂದು ತಿರುಗಿ ಬಂದಾಗ ಅವಳ ಮೂಗು ಹೇಳುತ್ತಿತ್ತು. ಅಷ್ಟು ವರ್ಷ ಕಾದು ಬಂದ ಆ ಮಾತು ಅವಳಿಗೆ ಸೇರಿದ್ದೋ, ನನ್ನ ಡಬ್ಬಿಗೆ ಸೇರಿದ್ದೋ?

ಹೇಳಿಬಿಡಬೇಕಿತ್ತು. ಬಾಯಿ ಮಾತ್ರ ನನ್ನದು ಬಹಳ ಒಳ್ಳೆಯದು, ಸುಮ್ಮನಿರುತ್ತದೆ. ಬಸ್ಸಿನಲ್ಲಿ ಕೂತು, ಅವಳು ಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣು ಮಡಿಲಲ್ಲಿ ಇಟ್ಟುಕೊಂಡು, ಕಲಬುರಗಿ ಮುಟ್ಟುವವರೆಗೂ ನನ್ನ ಕೈಯನ್ನು ಬೈದೆ. ನಾನು ಬೈಯುತ್ತಿದ್ದಂತೆಯೇ ಅದು ಹಣ್ಣು ಸುಲಿಯುತ್ತಿತ್ತು.

ವಾರದೊಳಗೆ ಫೋನು ಬಂತು. "ಅಕ್ಕಾ, ಅದ ಅಕ್ಕಿ, ಅದ ಸಾಸು, ಅದ ಕಡಾಯಿ. ಆ ರುಚಿ ಮಾತ್ರ ಬರವಲ್ದು. ಅತ್ತಿ ಮತ್ತ 'ನಡೀತದ'ಕ್ಕ ಬಂದಾರ." ನಾನು ತಪ್ಪನ್ನು ಕರೆಂಟಿನ ಮೇಲೆ ಹಾಕಿದೆ, ಗಾಳಿ ಸರಿ ಆಗಿರಲಿಕ್ಕಿಲ್ಲ ಅಂದೆ. ಮುಂದಿನ ಸಲ ಹೋದಾಗ ಮತ್ತೆ ಮಾಡಿದಳು. ಅವಳಿಗೆ ಕೊತಂಬರಿ ಹರಿಯಲು ಹಿತ್ತಲಿಗೆ ಹೋಗುವುದಿತ್ತು. ಅನ್ನ ಅದ್ಭುತವಾಯಿತು. ಅದರ ಮುಂದಿನ ಸಲ ಹಾಲಿನವನ ಜೊತೆ ಮಾತಾಡುವುದಿತ್ತು. ಅನ್ನ ಮತ್ತೆ ಅದ್ಭುತ. ನನ್ನ ಅದೃಷ್ಟವೇ ಅದೃಷ್ಟ ಅಂದುಕೊಂಡೆ, ಪ್ರತಿ ಸಲವೂ ಸರಿಯಾದ ಹೊತ್ತಿಗೆ ಇವಳಿಗೆ ಹೊರಗೇನಾದರೂ ಕೆಲಸ ಬೀಳುತ್ತದಲ್ಲ! ಸಿಕ್ಕಿಬೀಳುವ ಭಯ ಹೋಯಿತು, ಒಳಗಿನ ಕಸಿವಿಸಿ ಮಾತ್ರ ಬೆಳೆಯುತ್ತ ಹೋಯಿತು.

ಅದು ತಡೆಯಲಾರದಷ್ಟು ಆದದ್ದು ಶಾಂತಾಬಾಯಿಯವರ ಹೆಮ್ಮೆಯಿಂದ. ತಾಜಸುಲ್ತಾನಪುರದಲ್ಲಿರುವ ತಮ್ಮ ಅಕ್ಕನಿಗೆ ಅವರು ಫೋನಿನಲ್ಲಿ ಹೇಳುವುದನ್ನು ನಾನೇ ಕೇಳಿಸಿಕೊಂಡೆ. "ನಿಮ್ಮ ಸೊಸಿ ಹೋಳಿಗಿ ಮಾಡ್ತಾಳ, ಖರೇ. ನಮ್ಮಾಕಿ ಜಪಾನ ಅನ್ನ ಮಾಡ್ತಾಳ. ಐತವಾರ ಬಾ, ತಿಂದು ನೋಡು. ಯಾರ ಕೈ ಹತ್ತಂಗಿಲ್ಲ, ಎಲ್ಲಾ ತಾನೇ ಒಬ್ಬಾಕಿನೇ ಮಾಡ್ತಾಳ." ಯಾರ ಕೈ ಹತ್ತುವುದಿಲ್ಲವಂತೆ! ಸೆರಗಿನ ಕೆಳಗೆ ನನ್ನ ಬಲಗೈ ಬೆವರಿತು. ತಂಗಿ ತನ್ನ ಮನೆಯಲ್ಲಿ ಸಂಪಾದಿಸಿದ ಒಂದೇ ಒಂದು ಹೆಸರು, ಅದನ್ನೂ ನಾನು ಕದ್ದು ತುಂಬಿದ್ದು. ನಾಳೆ ನಾನು ಕಾಯಿಲೆ ಬಿದ್ದರೆ ಅವಳ ಗತಿಯೇನು? ಐತವಾರ ಆ ಕಡಾಯಿ ಮುಟ್ಟುವುದಿಲ್ಲ, ಹೆಸರಾದರೆ ಅವಳದೇ ಆಗಲಿ ಎಂದು ಗಟ್ಟಿ ಮಾಡಿದೆ. ಶೇಂಗಾ ಹಿಂಡಿಯ ಡಬ್ಬಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆ. ನಮ್ಮ ಮನೆಯವರು ಡಬ್ಬಿ ನೋಡಿ, ನನ್ನನ್ನು ನೋಡಿ, "ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು.

ಐತವಾರ ಕಸ್ತೂರಿ ಕಡಾಯಿ ಇಟ್ಟಳು. ನಾನು ದೂರದಲ್ಲಿ, ಎರಡೂ ಕೈ ಬಗಲಲ್ಲಿ ಇಟ್ಟುಕೊಂಡು ಕೂತೆ.

"ಅಕ್ಕಾ, ಕೊತಂಬರಿ ತರ್ತೀನಿ, ಒಲಿ ಕಡಿ ನೋಡು."

ನೋಡಿದೆ. ನೋಡಿದೆ ಅಷ್ಟೇ. ಅವಳು ಬಂದಳು, ಕಡಾಯಿ ನೋಡಿದಳು, ನನ್ನನ್ನು ನೋಡಿದಳು. "ಅಯ್ಯ, ಲಿಂಬಿಹಣ್ಣು ಮರ್ತೆ," ಎಂದು ಮತ್ತೆ ಹೋದಳು. ದೇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡು ಕೈಯನ್ನು ಇನ್ನಷ್ಟು ಬಿಗಿಯಾಗಿ ಅವುಚಿದೆ. ಬಂದವಳು ಲಿಂಬೆಹಣ್ಣು ತಂದಿರಲಿಲ್ಲ. "ಯಾರೋ ಕರದಂಗಾತು," ಎಂದು ಮತ್ತೊಮ್ಮೆ ಹೋದಳು, ಈ ಸಲ ಬಹಳ ಹೊತ್ತು ಬರಲೇ ಇಲ್ಲ. ನಾನು ಗೋಡೆಯ ಕಡೆ ತಿರುಗಿ ಕೂತು ಪಂಚಾಕ್ಷರಿ ಜಪಿಸಿದೆ. ಅಷ್ಟು ಗಟ್ಟಿ ಮನಸ್ಸು ನನಗಿದೆಯೆಂದು ಆ ದಿನವೇ ತಿಳಿದದ್ದು.

ಎಡೆಯಾಯಿತು. ತಾಜಸುಲ್ತಾನಪುರದ ಅಕ್ಕ ಮೊದಲ ತುತ್ತು ಬಾಯಿಗಿಟ್ಟು ಅಗಿಯುತ್ತ ಕೂತರು. ಅಗಿದೇ ಅಗಿದರು. ಕೊನೆಗೆ ಮೆತ್ತಗೆ ಕೇಳಿದರು: "ಜಪಾನದಾಗ ಉಪ್ಪು ಸಿಗಂಗಿಲ್ಲೇನು?"

ಕಸ್ತೂರಿಯ ಮುಖ ಆ ಅನ್ನಕ್ಕಿಂತ ಸಪ್ಪಗಾಯಿತು. ಶಾಂತಾಬಾಯಿಯವರು ಒಂದು ತುತ್ತು ತಿಂದರು. ಅವರ ಹುಬ್ಬು ಮೇಲೆ ಹೋದದ್ದು ನಾನು ನೋಡಿದೆ, ಕೆಳಗೆ ಇಳಿದದ್ದೂ ನೋಡಿದೆ. ಆಮೇಲೆ ಅಕ್ಕನ ಕಡೆ ತಿರುಗಿ, ತಾವೇ ಜಪಾನಿನಿಂದ ಮೊನ್ನೆ ಬಂದವರಂತೆ ಹೇಳಿದರು: "ಅಲ್ಲಿ ಹಿಂಗೇ ಮಾಡ್ತಾರ. ಉಪ್ಪು, ಉಪ್ಪಿನಕಾಯಿ ಎಲ್ಲಾ ಬಾಜೂಕ ಇಟ್ಟುಕೊಂಡು ತಮಗ ಬೇಕಾದಷ್ಟು ಹಚ್ಚಿಕೊಂಡು ತಿಂತಾರ. ನಿನಗ ಗೊತ್ತಿಲ್ಲದಿದ್ದರ ಸುಮ್ಮ ಉಣ್ಣು. ಕಸ್ತೂರೀ, ನಿಮ್ಮ ದೊಡ್ಡತ್ತಿಗೆ ಉಪ್ಪಿನಕಾಯಿ ಹಾಕು."

ದೊಡ್ಡತ್ತೆ ಉಪ್ಪಿನಕಾಯಿ ಹಚ್ಚಿಕೊಂಡು ಎರಡನೇ ಸಲ ಹಾಕಿಸಿಕೊಂಡರು. ಸೊಸೆಯ ಪರವಾಗಿ ಅತ್ತೆ ಆಡಿದ ಆ ಸುಳ್ಳು "ಛಲೋ ಆಗ್ಯಾದ"ಕ್ಕಿಂತ ದೊಡ್ಡದು ಎಂದು ನನಗನಿಸಿತು. ನನ್ನ ಕೈ ಸುಮ್ಮನಿದ್ದದ್ದರಿಂದಲೇ ಅದು ಬಂತೆಂದು ಒಳಗೊಳಗೇ ಸ್ವಲ್ಪ ಬೀಗಿದೆ ಕೂಡ. ಬೀಗಿಕೊಂಡೇ ಅಡಿಗೆ ಮನೆಗೆ ಹೋದೆ. ಕಸ್ತೂರಿ ಸೌಟು ಹಿಡಿದು ಕಾಯುತ್ತಿದ್ದಳು.

"ಇವತ್ತ ಯಾಕ ಹಾಕಲಿಲ್ಲ?"

"ಏನು?"

"ಏನಂತೀ! ಉಪ್ಪು! ಖಾರ! ಆ ನಿನ್ನ ಹಿಂಡಿ! ನೀ ಹಾಕ್ತೀಯಂತ ನಾ ಒಂದು ಹರಳು ಉಪ್ಪು ಹಾಕಿರಲಿಲ್ಲ. ಹಿತ್ತಲಾಗ ನಿಂತು ನಿಂತು ಕಾಲು ನೋಯಲಿಕ್ಕತ್ತಾವ!"

"ನಿನಗ ಗೊತ್ತಿತ್ತಾ?"

"ನಿನ್ನ ಕೈ ಅಡಿಗಿ ಉಂಡೇ ನಾ ಬೆಳದೀನಿ. ಗೊತ್ತಾಗಂಗಿಲ್ಲೇನು? ನೀ ಇದ್ದಾಗ ಛಲೋ ಆಗ್ತದ, ಇಲ್ಲದಾಗ ಸಪ್ಪಗ ಆಗ್ತದ. ಇದಕ್ಕೇನು ಕಾಲೇಜು ಕಲೀಬೇಕಾ?"

"ಮತ್ತ 'ನೀನೇ ಹಾಕು' ಅನ್ನಬಹುದಿತ್ತಲ್ಲ?"

"ಅಂದರ ನಿನಗ ಬ್ಯಾಸರಾಗ್ತದಂತ ಬಿಟ್ಟೆ. ಕಳವಿಲೆ ಹಾಕೋದರಾಗ ನಿನಗೆಷ್ಟು ಖುಷಿ ಅದ ಅಂತ ನನಗ ಗೊತ್ತಿಲ್ಲೇನು?"

ನಾನು ತಪ್ಪಾಯಿತು ಎಂದೆ, ಇನ್ನು ಮೇಲೆ ಕಳವಿಲೆ ಮುಟ್ಟುವುದಿಲ್ಲ, ಅದಕ್ಕೇ ಇವತ್ತು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ ಎಂದೆ. ಅವಳು ಹಣೆಗೆ ಸೌಟು ಬಡಿದುಕೊಂಡಳು. "ಹುಟ್ಟಿದಾಗಿಂದ ಬರಲಾರದ ಬುದ್ಧಿ, ನಮ್ಮತ್ತಿ ಅಕ್ಕ ಬಂದ ದಿನಾನೇ ಬರಬೇಕಿತ್ತೇನು?"

ಅಂದಿನಿಂದ ನಮ್ಮಿಬ್ಬರ ನಡುವೆ ಎಲ್ಲ ನೇರವಾಗಿದೆ. ಕಳ್ಳತನವಿಲ್ಲ, ಮುಚ್ಚುಮರೆಯಿಲ್ಲ. ಮೊನ್ನೆ ಹೋದಾಗ ಅನ್ನ ಹುರಿದು, ಉಪ್ಪಿನ ಡಬ್ಬಿಯನ್ನು ನನ್ನ ಮುಂದೆಯೇ ಇಟ್ಟು, "ಹಾಕಕ್ಕಾ, ಆರಾಮಾಗಿ ಹಾಕು," ಎಂದು ನಿಂತುಕೊಂಡಳು. ನಾನು ಕೈ ಹಾಕಿದೆ. ಅದು ಡಬ್ಬಿಯಲ್ಲೇ ನಿಂತುಬಿಟ್ಟಿತು. ಎಷ್ಟು ಹಿಡಿಯಬೇಕೆಂದೇ ಅದಕ್ಕೆ ತಿಳಿಯಲಿಲ್ಲ.

"ಎಷ್ಟು ಹಾಕಲಿ?" ಎಂದೆ.

"ಪ್ರತಿ ಸಲ ಎಷ್ಟು ಹಾಕ್ತಿದ್ದಿ, ಅಷ್ಟು."

"ಯಾರಿಗೆ ಗೊತ್ತು? ನಾ ಎಂದಾದರೂ ನೋಡಿ ಹಾಕೀನೇನು?"

ರುಚಿ ನೋಡುವಂತಿಲ್ಲ, ಜಗುಲಿಯ ಮೇಲೆ ಮಲ್ಲಯ್ಯ ಕಾಯುತ್ತಿದ್ದಾನೆ, ಹೊರಗೆ ಶಾಂತಾಬಾಯಿಯವರು ತಾಟು ಹಾಕಿಕೊಂಡು ಕೂತಿದ್ದಾರೆ. ಕಡಾಯಿ ಹೊಗೆಯಾಡತೊಡಗಿತು. ಕೊನೆಗೆ ನಾಚಿಕೆ ಬಿಟ್ಟು ಹೇಳಿದೆ: "ಕಸ್ತೂರಿ, ನೀ ಸ್ವಲ್ಪ ಹಿತ್ತಲಿಗೆ ಹೋಗಿ ಬಾ."

ಅವಳು ಹೋದಳು. ಅನ್ನ ಚೆನ್ನಾಗಿಯೇ ಆಯಿತು. ಈಗ ನಾನು ಹೋದಾಗಲೆಲ್ಲ ಇದೇ ಏರ್ಪಾಡು. ಹೋದವಳು ಬರಿಗೈಯಲ್ಲಿ ಬಂದರೆ ಅತ್ತೆಗೆ ಅನುಮಾನ ಬರುತ್ತದೆಂದು ಪ್ರತಿ ಸಲವೂ ಒಂದು ಹಿಡಿ ಕೊತಂಬರಿ ಹರಿದುಕೊಂಡು ಬರುತ್ತಾಳೆ. ಅವರ ಹಿತ್ತಲಲ್ಲಿ ಕೊತಂಬರಿ ಮಡಿ ಬೋಳಾಗಿದೆ. ಯಾರ ದನ ಹೊಕ್ಕು ಮೇಯುತ್ತಿದೆಯೋ ಎಂದು ಶಾಂತಾಬಾಯಿಯವರು ಓಣಿಯವರನ್ನೆಲ್ಲ ವಿಚಾರಿಸುತ್ತಿದ್ದಾರೆ. ಮೊನ್ನೆ ನನ್ನನ್ನೂ ಕೇಳಿದರು. ಸೆರಗಿನ ಕೆಳಗೆ ಕೈ ಇಟ್ಟುಕೊಂಡು, ನನಗೇನೂ ಗೊತ್ತಿಲ್ಲರೀ ಎಂದೆ.