ಅತ್ತೆಯ ಹುಳಿ ಮಡಕೆ

ಬ್ರೆಡ್ಡು ಮಾಡುವ ಮನೆಗೆ ಸೊಸೆಯಾಗಿ ಹೋದವಳು ಕಾಯಿಲೆ, ಸಾವುಗಳ ಮಧ್ಯೆಯೇ ನಗುವುದನ್ನು ಕಲಿಯಬೇಕು. ಬೇರೆ ದಾರಿಯಿಲ್ಲ, ನಗು ಬರುವುದೇ ಅಲ್ಲಿ. ಆಗ ಹೊಳೆನರಸೀಪುರದಲ್ಲಿ ಆಸೆಪಟ್ಟು ಬ್ರೆಡ್ಡು ತಿನ್ನುವವರು ಯಾರೂ ಇರಲಿಲ್ಲ. ಜ್ವರ ಬಂದರೆ ಬ್ರೆಡ್ಡು, ಭೇದಿಯಾದರೆ ಬ್ರೆಡ್ಡು, ಡಾಕ್ಟರು ಕೈಚೆಲ್ಲಿದರೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಊರಿಗೆ ವಿಷಮಶೀತ ಜ್ವರ ಬಂದ ವಾರ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ದೂ ಉಂಟು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

೧. ಅಪ್ಪನಿಗೆ ಸತ್ಕಾರ

ಮದುವೆಯಾದ ಹೊಸದರಲ್ಲಿ ಅಪ್ಪ ನನ್ನನ್ನು ನೋಡಲು ಅರಕಲಗೂಡಿನಿಂದ ಬಂದರು. ಬೀಗರೆಂದು ಅತ್ತೆ ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ ಕಾಫಿ ಜೊತೆಗಿಟ್ಟರು. ಅಪ್ಪ ತಟ್ಟೆ ನೋಡಿದರು, ಅತ್ತೆಯ ಮುಖ ನೋಡಿದರು, ಕಾಫಿ ಮಾತ್ರ ಕುಡಿದರು.

ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. “ನಿಮ್ಮತ್ತೆಗೆ ನಾಡಿ ನೋಡೋಕೆ ಬರುತ್ತೇನೇ?”

“ಇಲ್ಲಪ್ಪ, ಯಾಕೆ?”

“ಮತ್ತೆ ನನ್ನ ಮುಖ ನೋಡಿದ್ದೇ ತಡ ಬ್ರೆಡ್ಡು ತಂದಿಟ್ಟರಲ್ಲ! ಏನಾದ್ರೂ ಗೊತ್ತಾಗಿದ್ರೆ ಹೇಳಿಬಿಡೇ. ನಿನ್ನ ತಂಗಿ ಮದುವೆ ಇನ್ನೂ ಆಗಿಲ್ಲ.”

೨. ದಫೇದಾರರ ಪರೀಕ್ಷೆ

ಬೇರೆ ಊರುಗಳಲ್ಲಿ ಬ್ರೆಡ್ಡು ಉಬ್ಬಲು ಹೆಂಡ ಹಾಕುತ್ತಿದ್ದರಂತೆ. ನಮ್ಮದು ಮಡಿಯ ಮನೆ, ಅದರ ಮೇಲೆ ಪಾನನಿರೋಧ ಬೇರೆ. ಅತ್ತೆ ಒಂದು ಮಡಕೆಯಲ್ಲಿ ಹಿಟ್ಟು, ನೀರು ಕಲಸಿ ಬೆಚ್ಚಗೆ ಇಟ್ಟಿದ್ದರು. ಇಡ್ಲಿ ಹಿಟ್ಟಿನ ಹಾಗೆ ಅದು ತಾನಾಗಿಯೇ ಹುಳಿಯೇರಿ ಬುಸುಬುಸು ಗುಳ್ಳೆ ಬಿಡುತ್ತಿತ್ತು. ಅರ್ಧ ತೆಗೆದು ಬ್ರೆಡ್ಡಿಗೆ ಕಲಸುವುದು, ಉಳಿದರ್ಧಕ್ಕೆ ಮತ್ತೆ ಹಿಟ್ಟು, ನೀರು. ದಿನಾ ಉಣಿಸದಿದ್ದರೆ ಸತ್ತುಹೋಗುತ್ತದೆ. ಹೊಸದು ಮಾಡಬಹುದು, ಆದರೆ ಹೊಸ ಸೊಸೆಯ ಹಾಗೆ ಅದು ಪಳಗಬೇಕು ಎನ್ನುತ್ತಿದ್ದರು ಅತ್ತೆ, ನನ್ನನ್ನೇ ನೋಡುತ್ತಾ.

ಆ ವಾಸನೆ ಹಿಡಿದು ಯಾರೋ ಹೋಗಿ ಪೊಲೀಸರಿಗೆ ಹೇಳಿದರು. ದಫೇದಾರರು ಬಂದು ಮಡಕೆಗೆ ಮೂಗು ತೂರಿಸಿ, “ಇದು ಕಳ್ಳಭಟ್ಟಿಯ ಹುಳಿಯೇ” ಎಂದರು. ಮಡಕೆಯನ್ನು ಠಾಣೆಗೆ ಒಯ್ದರೆ ಮಾರನೆಯ ದಿನ ನಾವು ದಿನಾ ಕೊಡುವ ಆಸ್ಪತ್ರೆಗೆ ಬ್ರೆಡ್ಡಿಲ್ಲ. ನನ್ನ ಗಂಡ ಕಂಬದ ಹಿಂದೆ ಸರಿದರು. ಅತ್ತೆ ಮಾತ್ರ ಒಂದು ಲೋಟ ಬಗ್ಗಿಸಿ ಮುಂದೆ ಹಿಡಿದರು. “ಕುಡಿದು ನೋಡಪ್ಪ. ಅಮಲೇರಿದರೆ ನನ್ನನ್ನೇ ಎಳಕೊಂಡು ಹೋಗು.”

ಪಾಪ, ಅವರು ಕರ್ತವ್ಯನಿಷ್ಠರು. ಪೂರ್ತಿ ಕುಡಿದರು. ಅಮಲೇರುತ್ತದೋ ಎಂದು ಜಗಲಿಯ ಮೇಲೆ ಬಹಳ ಹೊತ್ತು ಕೂತು ಕಾದರು, ಆಮೇಲೆ ಕೇಸಿಲ್ಲ ಎಂದು ಹೋದರು. ಬೆಳಗ್ಗೆ ಅವರ ಪೇದೆ ಬಾಗಿಲಲ್ಲಿ ನಿಂತಿದ್ದ. “ದಫೇದಾರ್ ಸಾಯೇಬ್ರಿಗೆ ವಟ್ಟೆ ಕೆಟ್ಟೋಗದೆ ಕಣಮ್ಮ. ಡಾಕುಟ್ರು ಬ್ರೆಡ್ ತಿನ್ಸಿ ಅಂದವ್ರೆ.”

೩. ತಡವಾಗಿ ಬಂದ ಸುದ್ದಿ

ಚನ್ನರಾಯಪಟ್ಟಣದಲ್ಲಿದ್ದ ಚಿಕ್ಕಮಾವ ತೀರಿಕೊಂಡರು. ಸುದ್ದಿ ತಂದವನು ಬಸ್ಸು ತಪ್ಪಿಸಿಕೊಂಡು, ಹಾಸನದಲ್ಲಿ ನೆಂಟರ ಮನೆಯಲ್ಲಿ ಉಂಡು ಮಲಗಿ, ಎರಡು ದಿನ ತಡವಾಗಿ ಬಂದ. ನಮಗೆ ಸೂತಕ. ಮನೆಯಲ್ಲಿದ್ದ ಕಲಸಿದ್ದು, ಹುಳಿ ಬಂದದ್ದು ಎಲ್ಲ ತಿಪ್ಪೆಗೆ, ಮಡಕೆಯೂ ತಿಪ್ಪೆಗೆ. ಅತ್ತೆ ಸತ್ತ ಮೈದುನನಿಗಿಂತ ಮಡಕೆಗೇ ಹೆಚ್ಚು ಅತ್ತರು ಎಂದು ನೆಂಟರು ಆಡಿಕೊಂಡರು. ಅದೇನೂ ಸುಳ್ಳಲ್ಲ.

ಅಳುತ್ತಲೇ ಪುರೋಹಿತರನ್ನು ಕೇಳಿದರು. “ಈ ಎರಡು ದಿನ ನಾವು ಮಾರಿದ ಬ್ರೆಡ್ಡು?”

“ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ ತಾಯಿ. ಅಲ್ಲೀವರೆಗೂ ದೋಷವಿಲ್ಲ.”

ಅತ್ತೆ ಸುದ್ದಿ ತಂದವನ ಕಡೆ ತಿರುಗಿದರು. “ನೆಂಟರ ಮನೇಲಿ ಇನ್ನೂ ನಾಲ್ಕು ದಿನ ಇರಬಾರದಾಗಿತ್ತೇನೋ? ಅವರೇನು ಬೇಡ ಅಂದ್ರಾ?”

ಶುದ್ಧವಾದ ಮೇಲೆ ಹೊಸ ಹುಳಿ ಇಟ್ಟೆವು. ಅದು ಪಳಗುವವರೆಗೂ ಬ್ರೆಡ್ಡು ಇಟ್ಟಿಗೆಯ ಹಾಗೆ ಬಂತು. ಆಸ್ಪತ್ರೆಯ ಕಾಂಪೌಂಡರು ಬಂದು, “ಅಮ್ಮ, ಒಬ್ಬ ರೋಗಿ ತಿನ್ನಕ್ಕಾಗದೆ ತಲೆ ಕೆಳಗೆ ಇಟ್ಕೊಂಡು ಮಲಗಿದ್ದಾನೆ” ಎಂದರು.

“ಹೇಗಿದ್ದಾನೆ?”

“ಹೋಗಿಬಿಟ್ಟ. ಆದರೆ ಚೆನ್ನಾಗಿ ನಿದ್ದೆ ಮಾಡಿ ಹೋದ.”

೪. ಮಡಕೆ ಆಚೆ ಹೋಗುವವರೆಗೆ

ಕೆಲವು ವರ್ಷಗಳಲ್ಲಿ ಅತ್ತೆಯೇ ಹಾಸಿಗೆ ಹಿಡಿದರು. ಅವರಿಗೆ ಸಾವಿನ ಭಯವಿರಲಿಲ್ಲ, ತಮ್ಮ ಸೂತಕದ ಭಯವಿತ್ತು. ತಾವು ಹೋದ ಗಳಿಗೆಗೆ ಮನೆಯಲ್ಲಿದ್ದ ಹುಳಿಯೂ ತಿಪ್ಪೆ ಸೇರುತ್ತದಲ್ಲ! ಆಸ್ಪತ್ರೆಯವರು ಒಮ್ಮೆ ಇಟ್ಟಿಗೆ ತಿಂದಿದ್ದಾರೆ, ಇನ್ನೊಮ್ಮೆ ಹಾಗಾದರೆ ಹಾಸನದಿಂದ ತರಿಸಿಕೊಳ್ಳುತ್ತಾರೆ, ಮಗ ಅಂಗಡಿ ಮುಚ್ಚಬೇಕು. “ನನಗೆ ಹೊತ್ತು ಬಂತು ಅಂದ್ರೆ ಮೊದಲು ಮಡಕೇನ ಹಿಂದಿನ ಬೀದಿ ಮೇಷ್ಟರ ಮನೆಗೆ ಸಾಗಿಸು. ಅವರಿಗೆ ನಮ್ಮ ಸೂತಕ ತಟ್ಟಲ್ಲ, ಅಲ್ಲೇ ಉಣಿಸ್ತಾರೆ” ಎಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡರು.

ಒಂದು ಬೆಳಗ್ಗೆ ಮೇಲುಸಿರು ಹತ್ತಿತು. ಪುರೋಹಿತರು ಬಾಯಿಗೆ ಗಂಗಾಜಲ ಬಿಟ್ಟು, “ನಾರಾಯಣ ಅನ್ನಿ ತಾಯಿ” ಎಂದರು.

ಅತ್ತೆ ಕಣ್ಣು ತೆರೆದರು. “ಮಡಕೆ ಹೋಯ್ತಾ?”

“ಇನ್ನೂ ಇಲ್ಲಮ್ಮ” ಎಂದರು ನನ್ನ ಗಂಡ.

“ಹಾಗಾದ್ರೆ ತಡೀರಿ” ಎಂದು ಬಾಯಿ ಬಿಗಿಹಿಡಿದರು.

ನಾನು ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡು ಬೀದಿಗಿಳಿದೆ. ಹುಳಿ ಉಕ್ಕಿ ಸೀರೆಯ ಮೇಲೆ ಇಳಿಯುತ್ತಿತ್ತು. ಬೀದಿಯ ಕೊನೆ ಮುಟ್ಟಿರಲಿಲ್ಲ, ಹಿಂದಿನಿಂದ ನಮ್ಮ ಒಲೆಗೆ ಸೌದೆ ಒಡೆಯುವ ಆಳು ಕೂಗುತ್ತಾ ಓಡಿ ಬಂದ. “ಅಮ್ಮಾವ್ರೇ, ನಿಂತ್ಕಳಿ! ನಿಮ್ಮತ್ತೆಯೋರು...”

ನನಗೆ ತಿಳಿದೇಹೋಯಿತು. ಹೋಗಿಬಿಟ್ಟರು! ಈ ಮಾತು ನನ್ನ ಕಿವಿಗೆ ಬಿದ್ದರೆ ನನಗೆ ಸೂತಕ, ನಾನು ಹಿಡಿದ ಮಡಕೆಗೂ ಸೂತಕ. “ಹೇಳಬೇಡ! ಬಾಯಿ ಮುಚ್ಚು!” ಎಂದು ಕಿರುಚಿ ಓಟ ಕಿತ್ತೆ. ಅವನೂ ಬಿಡಲಿಲ್ಲ. “ಯೋಳ್ಲೇಬೇಕು ಕಣಮ್ಮಾವ್ರೇ!” ಎಂದು ಬೆನ್ನು ಹತ್ತಿದ. ಅವನು ಬಾಯಿ ತೆರೆದಾಗಲೆಲ್ಲ ನಾನು ದೊಡ್ಡ ದನಿಯಲ್ಲಿ ದೇವರ ನಾಮ ಹಾಡಿದೆ. ಅತ್ತೆ ಸಾಯುತ್ತಿದ್ದಾರೆ, ಸೊಸೆ ಹಾಡಿಕೊಂಡು ಓಡುತ್ತಿದ್ದಾಳೆ ಎಂದು ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಕೆನ್ನೆಗೆ ಕೈಯಿಟ್ಟುಕೊಂಡು ನೋಡಿದರು. ಅಷ್ಟು ದುಃಖದಲ್ಲಿ ಹಾಗೆ ಹಾಡಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಮೇಷ್ಟರ ಹೆಂಡತಿಯ ಕೈಗೆ ಮಡಕೆ ಕೊಟ್ಟೆ. ಅಂಗಳದಲ್ಲಿ ಕುಸಿದು ಕೂತು, “ಈಗ ಹೇಳಪ್ಪ” ಎಂದೆ. ಆಗಲೇ ಅಳುತ್ತಿದ್ದೆ.

ಆಳು ಏದುಸಿರು ಬಿಡುತ್ತಾ ಹೇಳಿದ. “ನಿಮ್ಮತ್ತೆಯೋರು ಯೋಳ್ ಕಳ್ಸಿದ್ರು. ಬಿರ್ರನೆ ಓಗು ಅನ್ನು, ನನ್ ಕೈಲಿ ಇನ್ನ ತಡ್ಕಳಕ್ಕಾಗಕಿಲ್ಲ ಅಂದ್ರು.”

ಬಂದ ದಾರಿಯಲ್ಲೇ ವಾಪಸ್ಸು ಓಡಿದೆ. ಅತ್ತೆಯ ಕಣ್ಣು ಬಾಗಿಲ ಮೇಲೇ ಇತ್ತು. ನನ್ನ ಬರಿಗೈಗಳನ್ನು ನೋಡಿದರು. ಆಮೇಲೆ ಪುರೋಹಿತರ ಕಡೆ ತಿರುಗಿ, “ಸರಿ, ಅದೇನು ಅನ್ನಿಸಬೇಕೋ ಈಗ ಅನ್ನಿಸಿ” ಎಂದರು.