ಸುಳ್ಳು ಇದ್ದರೆ ಕೊಡ್ರಿ

ಸುಳ್ಳು ಬೇಡುತ್ತ ಮನೆ ಮನೆ ತಿರುಗುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಸುದ್ದಿಯನ್ನು ಕಂಪ್ಯೂಟರೇ ಹಿಡಿಯಲಿ ಎಂದು ಸರ್ಕಾರ ಸಂಶೋಧನೆಗೆ ಹಣ ಕೊಟ್ಟಿದೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮರಾಠಿ ಬೆರೆತ ಕನ್ನಡವನ್ನು ಅದಕ್ಕೆ ಕಲಿಸುವವನು ನಾನು; ಜನರ ಮೊಬೈಲಿನ ಸಂದೇಶ ಕೇಳಿ ಪಡೆದು, ಒಂದೊಂದಕ್ಕೂ ಖರೇ, ಸುಳ್ಳು ಎಂದು ಗುರುತು ಹಾಕಿ ಅದಕ್ಕೆ ಉಣಿಸುತ್ತೇನೆ. ಚೆನ್ನಾಗಿಯೇ ಕಲಿಸಿದ್ದೇನೆ, ಸಂಕೋಚವೇನು!

ಬೀಗರ ಮಾತು

ಉದಗೀರದ ಕಾಳಿನ ವ್ಯಾಪಾರಿಯೊಬ್ಬರು ಗಾದಿಯ ಮೇಲೆ ಕೂತೇ ಮೊಬೈಲು ಕೊಟ್ಟರು. ಉಳ್ಳಾಗಡ್ಡಿ ರಸ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎಂಬ ಸಂದೇಶ ಕಂಡಿತು. ಸುಳ್ಳು ಎಂದು ಗುರುತು ಹಾಕಲು ಹೋದೆ. ಅವರು ಕೈ ಹಿಡಿದರು.

"ಯಾರು ಕಳಿಸ್ಯಾರ ನೋಡ್ರಿ. ನಮಗ ಬೀಗರು ಆಗೋರು! ಖರೇ ಅಂತ ಬರ್ಕೋರಿ."

"ಇದು ಖರೇ ಅಲ್ರೀ ಸಾವಕಾರ್ರ."

"ನನಗೂ ಗೊತ್ತದ ರೀ. ಮಗಳ ಲಗ್ನ ಆಗೋತನಕ ಖರೇ ಇರ್ಲಿ. ಅಕ್ಷತಾ ಬಿದ್ದ ಮ್ಯಾಲ ಸುಳ್ಳ ಮಾಡ್ಕೋರಿ."

ಬರಿಗೈ

ಗುಂಜೋಟಿಯ ರೈತರ ಮನೆಯ ಅಜ್ಜಿಯ ಮೊಬೈಲಿನಲ್ಲಿ ಮೊಮ್ಮಕ್ಕಳ ಫೋಟೊ ಬಿಟ್ಟರೆ ಏನೂ ಇರಲಿಲ್ಲ. ಚಹಾ ಕುಡಿದು ಎದ್ದೆ. ಅಜ್ಜಿಗೆ ಸಂಕಟವಾಯಿತು.

"ಅಷ್ಟ ದೂರದಿಂದ ಬಂದೀರಿ, ಬರಿಗೈಲೆ ಹ್ಯಾಂಗ ಕಳಸಲಿ? ಬರ್ಕೋರಿ: ದೇವಣಿ ತಳಿ ಆಕಳ ಬೆಣ್ಣಿ ಹಚ್ಚಿದ್ರ ಬೋಳ ತಲ್ಯಾಗ ಕೂದ್ಲ ಬರ್ತಾವ."

"ಅಜ್ಜಿ, ಈಗ ಹುಟ್ಟಿಸಿದ್ದು ನಡಿಯಂಗಿಲ್ರಿ. ಮಂದ್ಯಾಗ ತಿರುಗಾಡಿದ್ದು ಬೇಕು."

"ಅದೇನ್ ಮಹಾ? ತಡೀರಿ." ಸೊಸೆಯ ಕೈಯಲ್ಲಿ ಬರೆಸಿ, ಬಳಗದವರಿಗೆಲ್ಲ ಕಳಿಸಿಯೇಬಿಟ್ಟಳು. "ಹಾಂ, ತಿರುಗಾಡ್ಲಿಕ್ಕ ಹೋಯ್ತು. ಈಗ ಬರ್ಕೋರಿ."

ಟೋಪಿ

ಹಣ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೇಲಧಿಕಾರಿಯೊಬ್ಬರು ಉದಗೀರದಲ್ಲಿರುವ ನಮ್ಮ ಕಂಪ್ಯೂಟರ್ ಕೋಣೆಗೆ ಬಂದರು. ಅವರು ಸಹಿ ಹಾಕದಿದ್ದರೆ ನಮ್ಮ ಕೋಣೆಗೆ ಕೀಲಿ, ನನ್ನ ನೌಕರಿ ಖಲಾಸ್. ಸಾಹೇಬರು ಇಲ್ಲೇ ಶಿರೂರ ಅನಂತಪಾಳ ಊರಿನ ಅಳಿಯ, ನಮ್ಮ ಮಾತು ಬಲ್ಲವರು. ಅಂಥ ಸೆಕೆಯಲ್ಲೂ ಟೋಪಿ ತೆಗೆಯಲಿಲ್ಲ. ನೊಣಗಳು ಮಾತ್ರ ಅವರ ಬೆನ್ನು ಬಿಡಲಿಲ್ಲ.

ತಮ್ಮ ಮೊಬೈಲಿನಿಂದಲೇ ಒಂದು ಸಂದೇಶ ಹಾಕಿ, "ನಮ್ ಮಾವನೋರು ಕಳಿಸ್ಯಾರ. ನಿಮ್ ಕಂಪ್ಯೂಟರ್ ಏನಂತದ ನೋಡಮ್" ಎಂದರು.

ನೋಡಿದರೆ ಗುಂಜೋಟಿ ಅಜ್ಜಿಯ ಬೆಣ್ಣೆ! ಖರೇ ಅಂದರೆ ಕಂಪ್ಯೂಟರು ದಡ್ಡ. ಸುಳ್ಳು ಅಂದರೆ ಮಾವನವರ ಮಾನ ಹೋಗುತ್ತದೆ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಸುಳ್ಳು.

"ಖಾತ್ರಿ ಅದ ಏನ್ರಿ?"

"ಪಕ್ಕಾ ರೀ ಸಾಹೇಬ್ರ. ನನ್ನ ಕಣ್ಣ ಮುಂದ ಹುಟ್ಟಿದ ಸುಳ್ಳದು."

ಸಾಹೇಬರು ಕಿಸೆಯಿಂದ ಪೆನ್ನು ತೆಗೆದರು. ಸಹಿ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಪೆನ್ನು ಕಿಸೆಗಿಟ್ಟು ಮೆಲ್ಲಗೆ ಟೋಪಿ ತೆಗೆದರು. ಬೋಳು ತಲೆ ಬೆಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು.

"ಹಂಗಾದ್ರ," ಎಂದರು, "ಸಾಬೂನ ಎಲ್ಲಿ ಅದ ತೋರಸ್ರಿ."