ಖಾಲಿ ಕುರ್ಚಿಯ ಗಿರಾಕಿ

ನಾನು ಕಾಲಿಟ್ಟ ಕಡೆ ಏನಾದರೊಂದು ವಿಚಿತ್ರ ನಡೆದೇ ತೀರುತ್ತೆ. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಬೇಕಾದರೂ ಕೇಳಿ. ಸುಳ್ಳು ಅನ್ನೋರಿದ್ದಾರೆ, ನನ್ನ ಎದುರಿಗೆ ಅಂದೋರಿಲ್ಲ.

೧. ಬೈಯೋ ಉದ್ಯೋಗ

ತರೀಕೆರೆ ಹೈವೇ ಪಕ್ಕ ಬರ್ಗರ್ ಅಂಗಡಿ ಮ್ಯಾನೇಜರುಗಳಿಗೆ ಪಾಠ ಹೇಳೋ ಟ್ರೈನಿಂಗ್ ಸ್ಕೂಲ್ ಆಯ್ತು. ಶಾಲೆ ಮೆಟ್ಟಿಲೇ ಹತ್ತದ ನನ್ನನ್ನ ಕರೆದು ಕೆಲಸ ಕೊಟ್ಟರು. ಸಿಡುಕು ಗಿರಾಕಿ ಥರ ಕೂತು, ಕೊಟ್ಟಿದ್ದು ತಿಂದು, ಬೈಯೋದು. ಕಲಿಯೋ ಹುಡುಗರು ನಗುತ್ತಾ ಸಮಾಧಾನ ಮಾಡಬೇಕು. ನಾನು ಬೈದದ್ದಕ್ಕೆ ಶಿವನಿ ಸ್ಟೇಷನ್ನಿನಲ್ಲಿ ಕೆಟ್ಟು ನಿಂತ ರೈಲೂ ಹೊರಟಿತ್ತು!

ಈ ವಿದ್ಯೆ ಕಲಿಸಿದವಳು ನನ್ನ ಹೆಂಡತಿ. ಎರಡು ಮೂಗುಬೊಟ್ಟಿನ ಪುಣ್ಯಾತ್ಗಿತ್ತಿ, ಏನು ಬಡಿಸಿದರೂ "ಥೂ, ಉಪ್ಪಿಲ್ಲ" ಅನ್ನೋಳು. ಹೋದ ವರ್ಷ ತೀರಿಕೊಂಡಳು. ಬಾಯಿಗೆ ಗಂಗೆ ಬಿಟ್ಟಾಗಲೂ ಅದೇ ಮಾತು.

೨. ಬಡಿಸಿದ್ದು ಯಾರಿಗೆ?

ಒಂದಿನ ಪಾಠದ ಮೇಡಂ ಅಂದರು, "ಅಜ್ಜ, ನಿಮ್ಮ ಬೈಗುಳಕ್ಕೆ ಹುಡುಗರು ಊರಿಗೆ ಓಡ್ತಿದ್ದಾರೆ. ಇನ್ಮೇಲೆ ಖಾಲಿ ಕುರ್ಚಿ ಮುಂದೆ ಅಭ್ಯಾಸ. ಕಂಪನಿಯ ದೊಡ್ಡ ಸಾಹೇಬರು ಬಂದು ನೋಡಿ ಒಪ್ಪಿದರೆ ನೀವು ಬರೋದು ಬೇಡ."

ಅಷ್ಟರಲ್ಲಿ ಹುಡುಗರು ಖಾಲಿ ಕುರ್ಚಿಗೆ ಬಗ್ಗಿ, "ಬನ್ನಿ ಅಮ್ಮ, ಇನ್ನೇನು ಕೊಡ್ಲಿ?" ಅಂತ ಶುರುಮಾಡಿದರು. ನಾನು ಅಡ್ಡ ಹೋಗಿ ನಿಂತೆ.

"ಮೇಡಂ, ನಮ್ಮಲ್ಲಿ ಯಾರೂ ಇಲ್ಲದ ಜಾಗಕ್ಕೆ ಬಡಿಸೋದು ಸತ್ತೋರಿಗೆ ಎಡೆ ಇಡುವಾಗ. ಕರೆದರೆ ಬಂದ್ಬಿಡ್ತಾರೆ."

"ಬರಲಿ ಬಿಡಿ, ಅವರಿಗೂ ಫ್ರೈಸ್ ಕೊಡೋಣ."

ಮಾರನೇ ದಿನ ಕುರ್ಚಿ ಮುಂದಿನ ಬರ್ಗರನ್ನ ಯಾರೋ ಕಚ್ಚಿದ್ದರು. ಉಪ್ಪಿನ ಪೊಟ್ಟಣಗಳೆಲ್ಲ ಹರಿದಿದ್ದವು. ಅಜ್ಜಂಪುರದ ಹುಡುಗ ಓಡಿಬಂದು, "ಅಜ್ಜ, ಏನ್ಮಾಡೋದು?" ಅಂದ.

"ಎಡೆ ಇಟ್ಟು, ಬಾಗಿಲು ಹಾಕಿ, ಎಲ್ಲಾ ಆಚೆ ಬನ್ರೋ. ನೋಡ್ತಾ ನಿಂತರೆ ಅವರು ತಿನ್ನಲ್ಲ, ನಿಮ್ಮನ್ನೇ ತಿಂತಾರೆ!"

೩. ದೊಡ್ಡ ಸಾಹೇಬರ ಊಟ

ಮೇಡಂ ಕಡೂರಿಗೆ ಹೋಗಿದ್ದ ಮಟಮಟ ಮಧ್ಯಾಹ್ನ. ಹುಡುಗರು ಅಡುಗೆಮನೆಯಿಂದ ಬಂದು ನೋಡಿದರೆ, ಬಿಳಿ ಬಟ್ಟೆಯವರೊಬ್ಬರು ಆ ಖಾಲಿ ಕುರ್ಚಿಯ ಎದುರಿಗೆ ಸದ್ದಿಲ್ಲದೆ ಕೂತಿದ್ದಾರೆ. ಹೇಳದೆ ಕೇಳದೆ ಬಂದ ದೊಡ್ಡ ಸಾಹೇಬರು ಅಂತ ಅವರಿಗೇನು ಗೊತ್ತು, ಎಡೆಗೆ ಬಂದ ಸತ್ತೋರೇ ಅಂದ್ಕೊಂಡರು. ಸಾಹೇಬರಿಗೊಂದು, ಖಾಲಿ ಕುರ್ಚಿಗೊಂದು ಎಡೆ ಇಟ್ಟು, ಊದುಬತ್ತಿ ಹಚ್ಚಿ, ಅಡ್ಡಬಿದ್ದು, ಹೊರಗಿಂದ ಚಿಲಕ ಹಾಕಿಬಿಟ್ಟರು.

ನಾನು ಬಂದವನು ಕೆಮ್ಮಿ, ಬಾಗಿಲು ತಟ್ಟಿ ತೆಗೆದೆ. ಸಾಹೇಬರು ತೇಗುತ್ತಾ, "ಯಾವ ಅಂಗಡೀಲೂ ಇಷ್ಟು ನೆಮ್ಮದಿಯಾಗಿ ತಿನ್ನೋಕೆ ಬಿಟ್ಟಿರಲಿಲ್ಲ. ಎಲ್ಲರೂ ಪಾಸ್!" ಅಂದರು.

"ನನ್ನ ಕೆಲಸ, ಸ್ವಾಮಿ?"

"ನೀವ್ಯಾಕೆ? ಎದುರಿಗಿದ್ದ ಅಜ್ಜೀನೇ ಸಾಕು. ಎರಡು ಮೂಗುಬೊಟ್ಟು ಇಟ್ಕೊಂಡು, 'ಥೂ, ಉಪ್ಪಿಲ್ಲ' ಅಂತ ಏನು ಬೈತಾರೆ ಕಣ್ರೀ! ನಾಳೆಯಿಂದ ಅವರದೇ ಡ್ಯೂಟಿ."

ತಿರುಗಿ ನೋಡಿದೆ. ಎದುರು ಕುರ್ಚಿ ಖಾಲಿ. ತಟ್ಟೆಯೂ ಖಾಲಿ.

ಬದುಕಿದ್ದಾಗ ನನ್ನ ತಟ್ಟೆಗೆ ಕೈ ಹಾಕದವಳು, ಸತ್ತಮೇಲೆ ಕೆಲಸಕ್ಕೇ ಕೈ ಹಾಕಿದಳಲ್ಲ!